ಅಗ್ಗದ ಅಲಗಿನ ಅಸಲು ಬೆಲೆ

ನಾನಿರುವ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬಿಲ್ಲುಬೇಟೆಯ ಋತು ಅಕ್ಟೋಬರ್ 1ಕ್ಕೆ ಶುರು. ಅದಕ್ಕೂ ಮುಂಚೆ ಖರ್ಚಿನ ಪಟ್ಟಿ ಹಾಕುವಾಗ ಪ್ರತಿ ವರ್ಷ ನನ್ನ ಕಣ್ಣು ನಿಲ್ಲುತ್ತಿದ್ದದ್ದು ಬ್ರಾಡ್‌ಹೆಡ್ ಮೇಲೆ. ಅಂದರೆ, ಕ್ರಾಸ್‌ಬೋ ಎಂಬ ಅಡ್ಡಬಿಲ್ಲಿನ ಬಾಣದ ತುದಿಗೆ ತಿರುಪಿ ಕೂರಿಸುವ ಅಲಗಿನ ಮೊನೆ. ಇಲ್ಲಿನ ಅಂಗಡಿಯಲ್ಲಿ ಹೆಸರಾದ ಕಂಪನಿಯ ಮೂರು ಮೊನೆಗೆ 42 ಡಾಲರ್. ಚೀನಾದಿಂದ ಬರುವ ಹೆಸರಿಲ್ಲದವು ಆನ್‌ಲೈನ್‌ನಲ್ಲಿ ಡಜನ್ನಿಗೆ 24 ಡಾಲರ್. ಒಂದಕ್ಕೆ 14 ಎಲ್ಲಿ, 2 ಎಲ್ಲಿ? ಅಲಗು ಕದಲದ ಫಿಕ್ಸೆಡ್ ಬಗೆಯದೊಂದು ಡಜನ್, ತಾಗಿದಾಗ ಅಲಗು ಬಿಚ್ಚಿಕೊಳ್ಳುವ ಮೆಕ್ಯಾನಿಕಲ್ ಬಗೆಯದೊಂದು ಡಜನ್ ತರಿಸಿದೆ.

ಬೇಟೆಯೇ ಸರಿಯೇ ಎನ್ನುವವರಿಗೆ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ, ಅದು ಹಾಗೇ ಇರಬೇಕು. ಇಲ್ಲಿ ಬಿಳಿಬಾಲದ ಜಿಂಕೆಗಳ ಸಂಖ್ಯೆಯನ್ನು ಸರ್ಕಾರವೇ ಲೈಸೆನ್ಸ್ ಕೊಟ್ಟು ಬೇಟೆಯಿಂದ ಹತೋಟಿಯಲ್ಲಿಡುತ್ತದೆ. ಇಲ್ಲಿನ ನಿವಾಸಿಗೆ ಬೇಸ್ ಲೈಸೆನ್ಸ್ 11 ಡಾಲರ್, ಒಂದು ಜಿಂಕೆಗೆ 20. ಒಂದು ಜಿಂಕೆಯ ಮಾಂಸ ನಮ್ಮ ಮನೆಗೆ ಚಳಿಗಾಲವಿಡೀ ಬರುತ್ತದೆ.

ಮೊನೆಗಳು ಬಂದ ಮೇಲೆ ಮೊದಲು ತೂಗಿದೆ. ಪೊಟ್ಟಣದ ಮೇಲೆ 100 ಗ್ರೇನ್, ಅಂದರೆ ಸುಮಾರು ಆರೂವರೆ ಗ್ರಾಂ ಎಂದು ಬರೆದಿತ್ತು. ತಕ್ಕಡಿಯಲ್ಲಿ ಒಂದು 94, ಇನ್ನೊಂದು 106. ತೂಕ ಹೀಗೆ ಏರುಪೇರಾದರೆ ಗುರಿಯೂ ಏರುಪೇರಾಗುತ್ತದೆ. ಆಮೇಲೆ ಒಂದೊಂದನ್ನೂ ಬಾಣಕ್ಕೆ ತಿರುಪಿ, ಮೇಜಿನ ಮೇಲೆ ಮೊನೆಯೂರಿ ಬುಗುರಿಯಂತೆ ತಿರುಗಿಸಿದೆ. ನೆಟ್ಟಗೆ ಕೂತದ್ದು ಅಲುಗದೆ ತಿರುಗುತ್ತದೆ, ಸೊಟ್ಟದ್ದು ಬಾಣವನ್ನೇ ನಡುಗಿಸುತ್ತದೆ. ನನ್ನ ಕ್ರಾಸ್‌ಬೋ ಬಾಣವನ್ನು ಸೆಕೆಂಡಿಗೆ ಸುಮಾರು 390 ಅಡಿ ವೇಗದಲ್ಲಿ ಬಿಡುತ್ತದೆ. ಆ ವೇಗದಲ್ಲಿ ಮುಂದಿನ ಅಲಗುಗಳು ಗಾಳಿಗೆ ಸಿಕ್ಕಿ ಬಾಣದ ದಾರಿಯನ್ನೇ ತಿರುಗಿಸುತ್ತವೆ. ಕೂದಲೆಳೆಯಷ್ಟು ಸೊಟ್ಟಗಿದ್ದರೂ 30 ಗಜದ ಆಚೆ ಅದು ಎದ್ದು ಕಾಣುತ್ತದೆ.

ಫಿಕ್ಸೆಡ್ ಮೊನೆಗಳಲ್ಲಿ ಸರಿಸುಮಾರು ಅರ್ಧ ಈ ಎರಡೂ ಪರೀಕ್ಷೆಯಲ್ಲಿ ಪಾಸಾದವು. ಹರಿತ ಮಾತ್ರ ಯಾವುದಕ್ಕೂ ಸಾಲದು, ಒಂದೊಂದನ್ನೂ ಸಾಣೆಕಲ್ಲಿನ ಮೇಲೆ ಉಜ್ಜಲೇಬೇಕಾಯಿತು. ಅಲಗಿನ ಅಗಲವನ್ನೂ ಅಳೆದೆ. ಮಿಷಿಗನ್ ಕಾನೂನಿನಂತೆ ಜಿಂಕೆ ಬೇಟೆಯ ಮೊನೆ ಕನಿಷ್ಠ ಮುಕ್ಕಾಲು ಇಂಚಿಗಿಂತ ತುಸು ಹೆಚ್ಚು, ಅಂದರೆ ಎಂಟರಲ್ಲಿ ಏಳು ಭಾಗ ಇಂಚು ಅಗಲವಿರಬೇಕು. ಅದರಲ್ಲಿ ತೊಂದರೆಯಿರಲಿಲ್ಲ.

ಮೆಕ್ಯಾನಿಕಲ್ ಕಥೆ ಬೇರೆ. ಅದರ ಅಲಗುಗಳನ್ನು ಮಡಚಿ ಹಿಡಿದಿಡುವುದು ಒಂದು ಸಣ್ಣ ರಬ್ಬರ್ ಬಳೆ. ಫೋಮ್ ಟಾರ್ಗೆಟ್ಟಿಗಿಂತ ಸಾಕಷ್ಟು ಮುಂದೆ ಒಂದು ರಟ್ಟಿನ ಹಾಳೆ ನಿಲ್ಲಿಸಿ ಹೊಡೆದೆ. ಮೊನೆ ಸರಿಯಾಗಿ ಹಾರಿದರೆ ತೆಳುರಟ್ಟಿನಲ್ಲಿ ಸಣ್ಣ ತೂತು ಬೀಳಬೇಕು. ಇಲ್ಲಿ ಹಲವು ಸಲ ಬಿದ್ದದ್ದು ಅಗಲವಾದ ಸೀಳು. ಎಂದರೆ ಕ್ರಾಸ್‌ಬೋ ಬಿಟ್ಟ ರಭಸಕ್ಕೇ ಅಲಗುಗಳು ಗಾಳಿಯಲ್ಲಿ ಬಿಚ್ಚಿಕೊಂಡಿದ್ದವು. ಇನ್ನು ಕೆಲವು ಫೋಮಿನೊಳಗೆ ಹೊಕ್ಕರೂ ಬಿಚ್ಚಲೇ ಇಲ್ಲ. ಎರಡನೆಯದೇ ಹೆಚ್ಚು ಭಯದ ಮಾತು. ಬಿಚ್ಚದ ಮೊನೆ ಜಿಂಕೆಯ ಮೈಯಲ್ಲಿ ಕಿರಿದಾದ ಗಾಯ ಮಾಡುತ್ತದೆ, ನೆಲಕ್ಕೆ ರಕ್ತ ಬೀಳುವುದಿಲ್ಲ, ಜಾಡು ಸಿಗುವುದಿಲ್ಲ. ಪ್ರಾಣಿ ಪೊದೆಯೊಳಗೆ ಹೋಗಿ ನರಳಿ ಸಾಯುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥದ್ದಕ್ಕೇ.

ಈಗ ಲೆಕ್ಕ. ಫಿಕ್ಸೆಡ್ ಡಜನ್ನಿನಲ್ಲಿ ಆರು ನಂಬಬಹುದಾದವು ಉಳಿದರೆ ಒಂದಕ್ಕೆ 4 ಡಾಲರ್ ಬಿತ್ತು. 14ರ ಮುಂದೆ ಅದೂ ಉಳಿತಾಯವೇ. ಆದರೆ ನನಗೆ ನಿಜವಾದ ಲಾಭ ಕಂಡದ್ದು ಬೇರೆ ಕಡೆ. ಫೋಮಿಗೆ ಹೊಡೆದರೆ ಅಲಗು ಮೊಂಡಾಗುತ್ತದೆ. ಆದ್ದರಿಂದ ದುಬಾರಿ ಮೊನೆಯಿದ್ದವರು ಅಭ್ಯಾಸಕ್ಕೆ ಅಲಗಿಲ್ಲದ ಮೊನೆ ಹಾಕಿ, ಬೇಟೆಯ ದಿನ ಅಲಗಿನದಕ್ಕೆ ಬದಲಿಸುತ್ತಾರೆ. ಎರಡೂ ಒಂದೇ ಜಾಗಕ್ಕೆ ತಾಗಬೇಕೆಂದೇನಿಲ್ಲ. ಒಂದೇ ಬಗೆಯ ಆರು ಮೊನೆ ಕೈಯಲ್ಲಿದ್ದರೆ ಎರಡನ್ನು ಅಭ್ಯಾಸಕ್ಕೇ ಮೀಸಲಿಟ್ಟು, ನಾಲ್ಕನ್ನು ಹರಿತ ಮಾಡಿ ಡಬ್ಬಿಯಲ್ಲಿಡಬಹುದು. ಬೇಟೆಗೆ ಒಯ್ಯುವ ಮೊನೆಯ ಜೊತೆಯದರಿಂದಲೇ ವಾರವಾರ ಹೊಡೆದು ಪಳಗಿದ ಕೈ ನಾಲ್ಕು ಡಾಲರಿಗೆ ಸಿಕ್ಕ ಭಾರಿ ಸಂಪತ್ತು.

ಒಂದು ತೆರಿಗೆಯ ಮಾತೂ ಇದೆ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಡಿ ಬಂದೂಕುಗಳ ಅಬಕಾರಿ ತೆರಿಗೆ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. 1970ರ ದಶಕದಲ್ಲಿ ಬಿಲ್ಲುಗಾರಿಕೆಯ ಸಾಮಾನೂ ಇದಕ್ಕೆ ಸೇರಿತು. ಬ್ರಾಡ್‌ಹೆಡ್ ಮೇಲೆ ತಯಾರಕ ಅಥವಾ ಆಮದುದಾರ 11% ಕಟ್ಟಬೇಕು. ನಾನು ಬೇಟೆಯಾಡುವ ಸಾರ್ವಜನಿಕ ಕಾಡುಗಳನ್ನು ನೋಡಿಕೊಳ್ಳುವುದರಲ್ಲಿ ಆ ಹಣದ ಪಾಲಿದೆ. ವಿದೇಶದಿಂದ ನೇರ ಮನೆಗೆ ಬರುವ ಪೊಟ್ಟಣಗಳಲ್ಲಿ ಈ ತೆರಿಗೆ ತಪ್ಪಿಹೋಗುತ್ತದೆಂಬುದು ಇಲ್ಲಿನ ಬಿಲ್ಲುಗಾರಿಕೆ ಉದ್ಯಮದ ಹಳೆಯ ದೂರು, ಅದು ನ್ಯಾಯವಾದದ್ದು. ಇದಲ್ಲದೆ, 800 ಡಾಲರಿನೊಳಗಿನ ಪೊಟ್ಟಣಕ್ಕಿದ್ದ ಸುಂಕದ ವಿನಾಯಿತಿ ಚೀನಾದ ಸರಕಿಗೆ 2025ರ ಮೇ 2ರಂದು ಕೊನೆಯಾಯಿತು. ಹಳೆಯ ಅಗ್ಗದ ಬೆಲೆಯನ್ನು ನಂಬಿ ಹೊರಟವರು ಸುಂಕ ಸೇರಿಸಿ ಮತ್ತೆ ಲೆಕ್ಕ ಹಾಕಬೇಕು.

ನಾನು ಮುಂದೆಯೂ ಅಗ್ಗದ ಫಿಕ್ಸೆಡ್ ಮೊನೆ ಕೊಳ್ಳುತ್ತೇನೆ, ಆದರೆ ತೆರಿಗೆ ಕಟ್ಟಿ ಆಮದು ಮಾಡಿಕೊಂಡ ಇಲ್ಲಿನ ವ್ಯಾಪಾರಿಯಿಂದ. ತೂಗಿ, ತಿರುಗಿಸಿ, ಸಾಣೆ ಹಿಡಿಯುವಷ್ಟು ಪುರುಸೊತ್ತಿಲ್ಲದವರು 42 ಡಾಲರಿನದನ್ನೇ ಕೊಳ್ಳಲಿ, ಅದು ದುಂದಲ್ಲ. ಅಗ್ಗದ ಮೆಕ್ಯಾನಿಕಲ್ ಮೊನೆ ಈಗಾಗಲೇ ನಿಮ್ಮ ಡಬ್ಬಿಯಲ್ಲಿದ್ದರೆ ಕೊಟ್ಟ ದುಡ್ಡು ಹೋಯಿತೆಂದುಕೊಳ್ಳಿ. ದಯವಿಟ್ಟು ಅದನ್ನು ಜಿಂಕೆಯ ಮೇಲೆ ಬಿಡಬೇಡಿ.