ಟೈರಿನ ಅಳತೆಯೂ ಮೋಟಾರು ಸೈಕಲ್ಲಿನ ನಡೆಯೂ

ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಅಂಕಿಗಳು ಸಮಾಸಪದವಿದ್ದಂತೆ. ಬಿಡಿಸಿ ಓದಿದಲ್ಲದೆ ಅರ್ಥ ಕೊಡುವುದಿಲ್ಲ. 80/100-18 ಎಂದಿದ್ದರೆ ಟೈರಿನ ಅಗಲ 80 ಮಿಲಿಮೀಟರು. ಎತ್ತರವು ಆ ಅಗಲದ ನೂರಕ್ಕೆ ನೂರರಷ್ಟು, ಎಂದರೆ ಅದೂ 80 ಮಿಲಿಮೀಟರು. ರಿಮ್ಮಿನ ವ್ಯಾಸ 18 ಅಂಗುಲ. 2.75-18 ಎಂಬುದು ಹಳೆಯ ಕ್ರಮ. ಅಲ್ಲಿ ಅಗಲವೂ ಅಂಗುಲದಲ್ಲಿಯೇ ಇರುತ್ತದೆ.

ಕನ್ನಡ ಪಂಡಿತನಿಗೆ ಈ ಗೊಡವೆ ಏಕೆಂದು ಕೆಲವರು ಕೇಳಬಹುದು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಶಾಲೆಯನ್ನು ಬಿಟ್ಟ ಕೆಲವೇ ವರ್ಷಗಳಲ್ಲಿ ಮೋಟಾರು ಸೈಕಲ್ಲನ್ನು ಏರುತ್ತಾರೆ. ಶೇಂಗಾ ಚೀಲವನ್ನು ಹಿಂದೆ ಬಿಗಿದು ಪೇಟೆಗೆ ಬರುವವರೂ ರೇಷ್ಮೆ ಸೀರೆಯ ಗಂಟನ್ನು ಸಾಗಿಸುವವರೂ ಅವರೇ. ಅವರಲ್ಲಿ ಹಲವರು ಮೊದಲ ಟೈರು ಸವೆದೊಡನೆ ಹಿಂದಿನ ಚಕ್ರಕ್ಕೆ ದಪ್ಪನೆಯದೊಂದನ್ನು ಹಾಕಿಸುವುದನ್ನು ಕಾಣುತ್ತೇವೆ. ನೋಟಕ್ಕೆ ಗಾಂಭೀರ್ಯ, ನೆಲಕ್ಕೆ ಹಿಡಿತ ಎಂಬುದು ಅವರ ಸಮರ್ಥನೆ. ನೋಟದ ಮಾತು ಅವರವರ ಅಭಿರುಚಿಗೆ ಬಿಟ್ಟದ್ದು. ಹಿಡಿತದ ಮಾತನ್ನು ಮಾತ್ರ ಪರೀಕ್ಷಿಸಲೇಬೇಕು.

ಟೈರು ನೆಲವನ್ನು ಮುಟ್ಟುವ ಕ್ಷೇತ್ರವು ಸ್ಥೂಲವಾಗಿ ಅದರ ಮೇಲಿನ ಭಾರವನ್ನೂ ಒಳಗಿನ ಗಾಳಿಯ ಒತ್ತಡವನ್ನೂ ಅವಲಂಬಿಸಿದೆ. ಚಕ್ರದ ಮೇಲೆ 150 ಕಿಲೋ ಭಾರವಿದ್ದು, ಗಾಳಿ 28 ಪೌಂಡಿನಷ್ಟಿದ್ದರೆ, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಒತ್ತಡವಿದ್ದರೆ, ಮುಟ್ಟುವ ಕ್ಷೇತ್ರ ಸುಮಾರು 75 ಚದರ ಸೆಂಟಿಮೀಟರು. ಅಗಲದ ಟೈರು ಹಾಕಿ ಗಾಳಿಯನ್ನು ಅಷ್ಟೇ ಇರಿಸಿದರೆ ಈ ಕ್ಷೇತ್ರ ಬಹಳವೇನೂ ಹಿಗ್ಗದು. ಉದ್ದ ಕುಗ್ಗಿ ಅಡ್ಡ ಹಿಗ್ಗುತ್ತದೆ, ಅಷ್ಟೇ. ಮರಳಿನಲ್ಲಿ ಅಗಲದಿಂದ ಲಾಭವುಂಟೆಂಬುದು ಸತ್ಯ. ಕಬ್ಬಿಣದ ಪಟ್ಟಿಯ ಬಂಡಿ ಹೂತುಹೋಗುವ ಹಳ್ಳದಲ್ಲಿ ಟೈರಿನ ಬಂಡಿ ಸಲೀಸಾಗಿ ದಾಟುವುದನ್ನು ನಮ್ಮ ರೈತರು ಬಲ್ಲರು. ಆದರೆ ಬಂಡಿ ತಿರುವಿನಲ್ಲಿ ವಾಲುವುದಿಲ್ಲ, ಮೋಟಾರು ಸೈಕಲ್ಲು ವಾಲುತ್ತದೆ. ಭೇದವಿರುವುದು ಇಲ್ಲಿಯೇ.

ವಾಹನ ವಾಲಿದಾಗ ನೆಲ ಮುಟ್ಟುವ ಬಿಂದು ಟೈರಿನ ನಡುಗೆರೆಯಿಂದ ವಾಲಿದ ಕಡೆಗೆ ಸರಿಯುತ್ತದೆ. ಟೈರು ಅಗಲವಾದಷ್ಟೂ ಈ ಸರಿತ ಹೆಚ್ಚು. ಆದಕಾರಣ ಅದೇ ತಿರುವನ್ನು ಅದೇ ವೇಗದಲ್ಲಿ ದಾಟಲು ಅಗಲದ ಟೈರಿನ ವಾಹನ ಇನ್ನಷ್ಟು ವಾಲಬೇಕಾಗುತ್ತದೆ. ವಾಲಿಸಲು ಹೆಚ್ಚು ಬಲವೂ ಬೇಕು. ಹಾನಗಲ್ಲಿನ ಬಳಿ ಬಳ್ಳಾರಿ ಹೆದ್ದಾರಿಯನ್ನು ಬಿಟ್ಟು ಮೊಳಕಾಲ್ಮೂರಿನ ದಾರಿ ಹಿಡಿಯುವವನು ಮಗ್ಗುಲಿನ ಮರಳು ಡಾಂಬರಿನ ಮೇಲೆ ಹರಡಿರುವಾಗ ಹೆಚ್ಚು ವಾಲುವ ವಾಹನವನ್ನು ಬಯಸಲಾರನು.

ಇನ್ನು ಎತ್ತರದ ವಿಚಾರ. ಇದನ್ನು ಎಣಿಸುವವರು ವಿರಳ. 80/100-18 ಟೈರಿನ ಒಟ್ಟು ವ್ಯಾಸ ಸುಮಾರು 617 ಮಿಲಿಮೀಟರು. ಅದನ್ನು ತೆಗೆದು 100/90-18 ಹಾಕಿದರೆ 637 ಆಗುತ್ತದೆ, ಹಿಂಬದಿ 10 ಮಿಲಿಮೀಟರು ಮೇಲೇಳುತ್ತದೆ. ಹಿಂಬದಿ ಎದ್ದರೆ ಮುಂದಿನ ಫೋರ್ಕು ನೆಟ್ಟಗಾಗುತ್ತದೆ. ಫೋರ್ಕು ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ತಾಗುವ ಬಿಂದುವಿಗಿಂತ ಟೈರು ನೆಲ ಮುಟ್ಟುವ ಬಿಂದು ತುಸು ಹಿಂದಿರುತ್ತದೆ. ಹ್ಯಾಂಡಲ್ಲು ತಾನಾಗಿ ನೇರಕ್ಕೆ ಬರಲು ಈ ಅಂತರವೇ ಮುಖ್ಯ ಆಧಾರ. ಫೋರ್ಕು ನೆಟ್ಟಗಾದಷ್ಟೂ ಅಂತರ ಕುಗ್ಗಿ ಹ್ಯಾಂಡಲ್ಲು ಚುರುಕಾಗುತ್ತದೆ, ವೇಗದಲ್ಲಿ ಸ್ಥಿರತೆ ತಗ್ಗುತ್ತದೆ. ಮುಂದಿನ ಚಕ್ರಕ್ಕೆ ಎತ್ತರದ ಟೈರು ಹಾಕಿದರೆ ಪರಿಣಾಮ ಇದಕ್ಕೆ ವಿರುದ್ಧ. ಛಂದಸ್ಸಿನಲ್ಲಿ ಒಂದು ಗಣಕ್ಕೆ ಒಂದು ಮಾತ್ರೆ ಹೆಚ್ಚಿಸಿದರೆ ಪಾದವೆಲ್ಲ ಕುಂಟುವಂತೆ, ಇಲ್ಲಿಯೂ ಒಂದು ಚಕ್ರದ ಬದಲಾವಣೆ ಇನ್ನೊಂದನ್ನು ಬಿಡುವುದಿಲ್ಲ.

ತಯಾರಕರೇ ಅಗಲದ ಟೈರು ಕೊಡುತ್ತಿಲ್ಲವೇ ಎಂಬ ಆಕ್ಷೇಪ ಬರಬಹುದು. ಕೊಡುತ್ತಾರೆ, ಹೇಗೆಂಬುದನ್ನು ನೋಡಿರಿ. ಬುಲೆಟ್ 350ಕ್ಕೆ ಬಹುಕಾಲ ಎರಡೂ ಕಡೆ 3.25-19 ಟೈರುಗಳಿದ್ದವು. ವ್ಯಾಸ ಸುಮಾರು 648 ಮಿಲಿಮೀಟರು. ಅದೇ ಸಂಸ್ಥೆ 2021ರಲ್ಲಿ ಹೊರತಂದ ಹೊಸ ಕ್ಲಾಸಿಕ್ 350ರ ಹಿಂಬದಿಯಲ್ಲಿ 120/80-18 ಇದೆ. ಅಗಲ ಸುಮಾರು ಒಂದೂವರೆಪಟ್ಟು ಆಯಿತು. ವ್ಯಾಸವಾದರೋ 649 ಮಿಲಿಮೀಟರು! ರಿಮ್ಮನ್ನು ಒಂದಂಗುಲ ಕಿರಿದುಮಾಡಿ, ಟೈರಿನ ಎತ್ತರದ ಪ್ರಮಾಣವನ್ನು ಇಳಿಸಿ, ವಾಹನದ ಚೌಕಟ್ಟನ್ನೇ ಹೊಸದಾಗಿ ಕಟ್ಟಿದ ಬಳಿಕ ಆ ಅಗಲ ಬಂದಿತು. ನಾವು ಅಂಗಡಿಯಲ್ಲಿ ನಿಂತು ಹಳೆಯ ರಿಮ್ಮಿಗೇ ದಪ್ಪ ಟೈರನ್ನು ತೊಡಿಸಿದರೆ, ಇಕ್ಕಟ್ಟಾದ ರಿಮ್ಮು ಅದರ ಅಂಚುಗಳನ್ನು ಹಿಂಡಿ ಬೆನ್ನನ್ನು ಉಬ್ಬಿಸುತ್ತದೆ. ಕೊಂಡ ಅಗಲವೂ ಪೂರ್ತಿ ನೆಲಕ್ಕೆ ತಾಗುವುದಿಲ್ಲ. ಎರೆಹೊಲದ ದಾರಿಯಲ್ಲಿ ಮಳೆ ಬಿದ್ದ ದಿನ ಅಂಟುಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಸೇರಿ ಚಕ್ರವನ್ನೇ ಹಿಡಿಯುವುದು ಬೇರೆ.

ಚೀಲ ಹೊರುವವರಿಗೆ ವಾಸ್ತವವಾಗಿ ಬೇಕಾದುದು ಅಗಲವಲ್ಲ, ಭಾರ ತಾಳುವ ಶಕ್ತಿ. ಅದಕ್ಕೂ ಟೈರಿನ ಮೇಲೆ ಒಂದು ಅಂಕಿಯುಂಟು. ಸ್ಪ್ಲೆಂಡರಿನ ಹಳೆಯ ಮಾದರಿಗಳಲ್ಲಿ ಎರಡೂ ಟೈರುಗಳು 2.75-18 ಆಗಿದ್ದರೂ ಮುಂದಿನದರ ಮೇಲೆ 42ಪಿ ಎಂದೂ ಹಿಂದಿನದರ ಮೇಲೆ 48ಪಿ ಎಂದೂ ಇರುತ್ತಿತ್ತು. 42 ಎಂದರೆ 150 ಕಿಲೋ, 48 ಎಂದರೆ 180 ಕಿಲೋ. ಹೊಸ ಟೈರು ಕೊಳ್ಳುವಾಗ ಅಳತೆಯನ್ನು ಮೊದಲಿದ್ದಂತೆಯೇ ಇರಿಸಿಕೊಂಡು, ಈ ಅಂಕಿ ಹಿಂದಿನದಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳತಕ್ಕದ್ದು. ಹಿಂದೆ ಭಾರವಿದ್ದ ದಿನ ಗಾಳಿಯನ್ನು ವಾಹನದ ಪುಸ್ತಕದಲ್ಲಿ ಇಬ್ಬರ ಸವಾರಿಗೆ ಹೇಳಿರುವಷ್ಟು ತುಂಬಿಸತಕ್ಕದ್ದು.