ಎಂಜಿನ್‌ಗೊಂದು ಪರೀಕ್ಷೆ: ಒಂಟೆ ಕೊಟ್ಟು ಗೆಲ್ಲುವ ನಡೆ

ಗೋಕಾಕ, ಮೂಡಲಗಿ, ಹುಕ್ಕೇರಿಯಲ್ಲಿ ಚೆಸ್ ಕಲಿಯುವ ಮಕ್ಕಳಿಗೂ ಈಗ ಮೊಬೈಲಿನ ಎಂಜಿನ್ನೇ ಗುರು. ಅದು ಹೇಳಿದ್ದೇ ಕೊನೆಯ ಮಾತು. ಆ ಗುರುವನ್ನೂ ಒಮ್ಮೆ ಪರೀಕ್ಷೆಗೆ ಕೂರಿಸಬೇಕು. ಪ್ರಶ್ನೆಪತ್ರಿಕೆ 1998ರಲ್ಲೇ ಸಿದ್ಧವಾಗಿದೆ.

ಆ ವರ್ಷ ಸ್ಪೇನಿನ ಲಿನಾರೆಸ್ ಟೂರ್ನಿಯಲ್ಲಿ ಟೋಪಲೋವ್ ಬಿಳಿ ಕಾಯಿ, ಶಿರೋವ್ ಕಪ್ಪು ಕಾಯಿ ಆಡುತ್ತಿದ್ದರು. 47ನೇ ನಡೆಯಲ್ಲಿ ಶಿರೋವ್ ತಮ್ಮ ಒಂಟೆಯನ್ನು ಎಚ್3ಕ್ಕೆ, ಎದುರಾಳಿಯ ಕಾಲಾಳಿನ ಬಾಯಿಗೇ ಇಟ್ಟರು. ಆಗಿನ ಎಂಜಿನ್‌ಗಳಿಗೆ ಈ ನಡೆ ಹೊಳೆಯುತ್ತಿರಲಿಲ್ಲ.

ಮೊದಲು ಪಟ ಜೋಡಿಸಿ. ಬಿಳಿ: ರಾಜ ಜಿ1, ಒಂಟೆ ಸಿ3, ಕಾಲಾಳುಗಳು ಜಿ2, ಎಚ್4. ಕಪ್ಪು: ರಾಜ ಇ6, ಒಂಟೆ ಎಫ್5, ಕಾಲಾಳುಗಳು ಎ4, ಡಿ5, ಎಫ್6, ಜಿ6. ಸರದಿ ಕಪ್ಪಿನದು, ಇದನ್ನು ಬದಲಿಸಲು ಮರೆತರೆ ಇಡೀ ಪರೀಕ್ಷೆ ವ್ಯರ್ಥ.

ಲೀಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಒಂದು ಎಚ್ಚರಿಕೆ ಬೇಕು. ಪ್ರಸಿದ್ಧ ಸ್ಥಿತಿಗಳಿಗೆ ಅದು ಮೊದಲೇ ಕೂಡಿಟ್ಟ ಉತ್ತರವನ್ನು 'ಕ್ಲೌಡ್' ಎಂಬ ಗುರುತಿನೊಂದಿಗೆ ತೋರಿಸುವುದುಂಟು. ಅದು ನಿಮ್ಮ ಫೋನ್ ಯೋಚಿಸಿದ್ದಲ್ಲ. ನೆಟ್ ಇಲ್ಲದೆಯೂ ನಡೆಯುವ ಡ್ರಾಯ್ಡ್‌ಫಿಶ್ ಆ್ಯಪ್‌ನಲ್ಲಿ ಸ್ಟಾಕ್‌ಫಿಶ್ ಎಂಜಿನ್ ಇದೆ. ಈ ಕೆಲಸಕ್ಕೆ ಅದೇ ವಾಸಿ.

ಈಗ ಒಂದೇ ಸಾಲಿನ ವಿಶ್ಲೇಷಣೆ ಇಟ್ಟು ಹತ್ತು ನಿಮಿಷ ಬಿಡಿ. ಎಚ್3 ಮೇಲಕ್ಕೆ ಬಂದಾಗ ಆಳ ಎಷ್ಟು, ಎಷ್ಟು ಸ್ಥಿತಿಗಳನ್ನು ನೋಡಿತ್ತು, ಅಂಕ ಎಷ್ಟು ಎಂದು ಬರೆದುಕೊಳ್ಳಿ. ಗೋಕಾಕದ ಹುಡುಗಿಯ ಫೋನ್‌ಗೂ ಹುಕ್ಕೇರಿಯ ಹುಡುಗನ ಫೋನ್‌ಗೂ ವೇಗ ಬೇರೆ. ಬೇಸಿಗೆಯ ಮಧ್ಯಾಹ್ನ ಫೋನ್ ಕಾದರಂತೂ ಅದೇ ಎಂಜಿನ್ ಇನ್ನೂ ನಿಧಾನ. ಹಾಗಾಗಿ ನಿಮಿಷಗಳನ್ನಲ್ಲ, ನೋಡಿದ ಸ್ಥಿತಿಗಳ ಲೆಕ್ಕವನ್ನು ಹೋಲಿಸಿ.

ಎಂಜಿನ್ ಎಡವುವುದೇಕೆ? ಪುಕ್ಕಟೆ ಕಾಯಿ ಕೊಡುವ ನಡೆಯನ್ನು ಅದು ಬೇಗ ಬದಿಗಿಡುತ್ತದೆ, ಇಲ್ಲವೇ ಕಡಿಮೆ ಆಳಕ್ಕೆ ನೋಡುತ್ತದೆ. ದಿನವೂ ಅದರ ವೇಗದ ಗುಟ್ಟೇ ಇದು. ಇಲ್ಲಿ ಮಾತ್ರ ಲಾಭ ದೂರದಲ್ಲಿದೆ. ಎಫ್5ರಲ್ಲಿ ಕೂತ ಒಂಟೆ ತನ್ನದೇ ರಾಜನ ದಾರಿಗೆ ಅಡ್ಡ. ಅದು ಎಚ್3ಕ್ಕೆ ಹೋದರೆ ದಾರಿ ತೆರೆಯುತ್ತದೆ, ಹೊಡೆಯಲು ಬಿಳಿಗೆ ಒಂದು ನಡೆ ಖರ್ಚಾಗುತ್ತದೆ. ಅಷ್ಟರಲ್ಲಿ ಕಪ್ಪು ರಾಜ ಎಫ್5, ನಂತರ ಇ4. ಬಿಳಿ ರಾಜ ಎಫ್2ಕ್ಕೆ ಬಂದರೂ ಇ3 ಸಿಗದು. ಎ ಮತ್ತು ಡಿ ಸಾಲಿನ ಕಾಲಾಳುಗಳು ಓಡುತ್ತವೆ. ಒಂಟಿ ಒಂಟೆ ಎರಡನ್ನೂ ತಡೆಯಲಾರದು. 53ನೇ ನಡೆಯಲ್ಲಿ ಕಪ್ಪು ರಾಜ ಬಿ3ಕ್ಕೆ ಬಂದಾಗ ಟೋಪಲೋವ್ ಸೋಲೊಪ್ಪಿದರು.

ಪಟದ ಮೇಲೆ ಹತ್ತು ಕಾಯಿಗಳಿವೆ. ಏಳು ಕಾಯಿಗಳವರೆಗಿನ ಸ್ಥಿತಿಗಳ ಉತ್ತರ ಕೂಡಿಟ್ಟ ಸಿದ್ಧ ಕೋಷ್ಟಕ ಇಲ್ಲಿ ಕೈಹಿಡಿಯದು, ಎಂಜಿನ್ ಹುಡುಕಲೇಬೇಕು.

ಹತ್ತು ನಿಮಿಷಕ್ಕೂ ಸಿಗದಿದ್ದರೆ ನೀವೇ ಎಚ್3 ಆಡಿ, ಅಂಕ ಕಪ್ಪಿನ ಕಡೆ ವಾಲುವುದನ್ನು ನೋಡಿ. ಆಮೇಲೆ ಒಂದು ನಡೆ ಹಿಂದೆ ಹೋದರೆ ಅದೇ ಎಂಜಿನ್ ಥಟ್ಟನೆ ಎಚ್3 ಎನ್ನಬಹುದು. ಅದನ್ನು ಪಾಸೆಂದು ಬರೆಯಬೇಡಿ; ಆಗಷ್ಟೇ ಕಂಡದ್ದು ಅದರ ನೆನಪಿನಲ್ಲಿ ಉಳಿದಿರುತ್ತದೆ. ಸೆಟ್ಟಿಂಗ್‌ನಲ್ಲಿ ಹ್ಯಾಶ್ ಎಂಬ ಆ ನೆನಪನ್ನು ಅಳಿಸಿ, ಮತ್ತೆ ಮೊದಲಿನಿಂದ ಮೂರು ಸಲ ಓಡಿಸಿ. ಒಂದಕ್ಕಿಂತ ಹೆಚ್ಚು ಥ್ರೆಡ್ (ಏಕಕಾಲಕ್ಕೆ ನಡೆಯುವ ಹುಡುಕಾಟ) ಇದ್ದರೆ ಪ್ರತಿ ಸಲವೂ ಲೆಕ್ಕ ತುಸು ಬೇರೆ ಬರುತ್ತದೆ. ಮೂರನ್ನೂ ಬರೆದಿಟ್ಟು ನಡುವಿನದನ್ನು ಆರಿಸಿಕೊಳ್ಳಿ.