ವಾಪಸು ಕಳಿಸುವ ಮುನ್ನ

ಬಂಗಾರಪೇಟೆ

ಚಿ. ವಸುಧಾ,

ಬೆಂಗಳೂರು ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನ ‘ರಿವ್ಯೂ’ ಪತ್ರಿಕೆಯ ಸಂಪಾದಕ ಮಂಡಳಿಗೆ ನೀನು ಆಯ್ಕೆಯಾದೆ ಅಂತ ನಿನ್ನಪ್ಪ ಫೋನಿನಲ್ಲಿ ಹೇಳಿದ. ತುಂಬ ಸಂತೋಷವಾಯಿತು. ರಾತ್ರಿಯೆಲ್ಲ ನಿದ್ದೆಗೆಟ್ಟು ಪ್ರೂಫ್ ತಿದ್ದಿ ಕಣ್ಣು ಹಾಳುಮಾಡಿಕೊಳ್ಳುತ್ತೀಯೇನೋ ಅಂತ ನಿನ್ನ ದೊಡ್ಡಮ್ಮನಿಗೆ ಚಿಂತೆ. ನನ್ನ ಚಿಂತೆ ಬೇರೆ.

ನಾನು ಕೋರ್ಟಿಗೆ ಓಡಾಡುತ್ತಿದ್ದ ಕಾಲದಲ್ಲಿ ನಿಮ್ಮ ಪತ್ರಿಕೆಗೆ ‘ಸ್ಟೂಡೆಂಟ್ ಅಡ್ವೊಕೇಟ್’ ಎಂಬ ಹೆಸರಿತ್ತು. ಮಾಧವ ಮೆನನ್ ಅವರು ಕಟ್ಟಿದ ನಿಮ್ಮ ಲಾ ಸ್ಕೂಲಿನಲ್ಲಿ ಪಾಠ ಶುರುವಾದದ್ದು 1988ರಲ್ಲಿ. ಪ್ರೊಫೆಸರುಗಳ ಬರಹವನ್ನೂ ವಿದ್ಯಾರ್ಥಿಗಳೇ ತೂಗಿನೋಡಿ, ಅಡಿಟಿಪ್ಪಣಿ ತಾಳೆಹಾಕಿ ಅಚ್ಚಿಗೆ ಕಳಿಸುತ್ತಾರೆ ಎಂದರೆ ನಮಗೆಲ್ಲ ಸೋಜಿಗ. ಹಾರ್ವರ್ಡ್‌ನ ವಿದ್ಯಾರ್ಥಿಗಳು 1887ರಲ್ಲೇ ಇಂಥ ಪತ್ರಿಕೆ ತೆಗೆದಿದ್ದರು. ಖಾಸಗಿತನದ ಹಕ್ಕಿನ ಬಗ್ಗೆ ಬೋಸ್ಟನ್ನಿನ ವಾರೆನ್ ಮತ್ತು ಬ್ರಾಂಡೈಸ್ ಬರೆದ ಲೇಖನವನ್ನು ಆ ವಿದ್ಯಾರ್ಥಿಗಳು 1890ರಲ್ಲಿ ಅಚ್ಚು ಹಾಕಿದಾಗ ಪತ್ರಿಕೆ ಇನ್ನೂ ಮೂರು ವರ್ಷದ ಕೂಸು. 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರಲ್ಲ, ಅದರಲ್ಲಿ ಆ ಲೇಖನದ ಪ್ರಸ್ತಾಪವಿದೆ. ಆ ತೀರ್ಪಿಗೆ ಮೂಲವಾದದ್ದು ಬೆರಳಚ್ಚು ತೆಗೆಯುವ ಆಧಾರ್ ವಿರುದ್ಧದ ಅರ್ಜಿ; ಅದನ್ನು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು.

ಆ ತೀರ್ಪು ಓದುವಾಗ ನನಗೆ ನಮ್ಮ ಪಕ್ಕದ ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ ನೆನಪಾಗುತ್ತಿತ್ತು. 1930ರಲ್ಲಿ ಅಲ್ಲಿನ ಗಣಿ ಕಂಪನಿಗಳು ಕೂಲಿಯಾಳುಗಳ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸಾವಿರಾರು ಜನ ಕೆಲಸ ಬಿಟ್ಟು ಮುಷ್ಕರ ಹೂಡಿದ್ದರು. ಅದು ಮರ್ಯಾದೆಯ ಪ್ರಶ್ನೆಯೇ ಆಗಿತ್ತು ಅಂತ ನಾನು ನಂಬಿದ್ದೇನೆ. ಇತಿಹಾಸಕಾರ್ತಿ ಜಾನಕಿ ನಾಯರ್ ನಮ್ಮ ಗಣಿ ಕಾರ್ಮಿಕರ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಕಾನೂನಿನ ಕಡೆಯಿಂದ ನೋಡಿ ಬರೆಯುವವರೂ ಬೇಕು, ಅವರು ಈ ಊರಿನ ಮಕ್ಕಳಾದರೆ ಇನ್ನೂ ಚೆನ್ನ.

ಮೊನ್ನೆ ಮಾರಿಕುಪ್ಪಂ ರೈಲಿನಲ್ಲಿ ಅಂಥ ಒಬ್ಬ ಹುಡುಗ ಸಿಕ್ಕ. ಬಾಗಿಲ ಪಕ್ಕ ನಿಂತು, ಟಿಫಿನ್ ಡಬ್ಬಿಯ ಮೇಲೆ ಜೆರಾಕ್ಸ್ ಹಾಳೆ ಇಟ್ಟುಕೊಂಡು ಪೆನ್ಸಿಲಿನಲ್ಲಿ ಗೆರೆ ಹಾಕುತ್ತಿದ್ದ. ಕಾರ್ಮಿಕ ಪರಿಹಾರದ ಒಂದು ತೀರ್ಪು. ಕೆಜಿಎಫ್‌ನ ಕೆಂಗಲ್ ಹನುಮಂತಯ್ಯ ಕಾನೂನು ಕಾಲೇಜಿನಲ್ಲಿ ಓದುತ್ತಾನಂತೆ; ರಜೆಯ ದಿನ ವೈಟ್‌ಫೀಲ್ಡಿನಲ್ಲಿ ಕೆಲಸ. ಅವನ ತಾತ ಗಣಿಗೆ ಇಳಿಯುತ್ತಿದ್ದರಂತೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಈ ಊರಿನ ಬದುಕೇ ಆ ರೈಲು ಹತ್ತಿಬಿಟ್ಟಿತಲ್ಲ.

ನನ್ನ ಚಿಂತೆ ಇದೇ ಮಗಳೇ. ನಾಳೆ ಅವನಂಥವನೊಬ್ಬ ನಿಮಗೆ ಲೇಖನ ಕಳಿಸಬಹುದು. ಇಂಗ್ಲಿಷ್ ತಡವರಿಸುತ್ತಿರುತ್ತದೆ, ಅಡಿಟಿಪ್ಪಣಿ ನಿಮ್ಮ ಕ್ರಮದಲ್ಲಿ ಇರುವುದಿಲ್ಲ. ಹೆಸರು, ಕಾಲೇಜು ಮುಚ್ಚಿಟ್ಟು ಓದಿದರೂ ಭಾಷೆಯಲ್ಲೇ ಊರು ಗೊತ್ತಾಗಿಬಿಡುತ್ತದೆ. ಮೇಜಿನ ಮೇಲೆ ರಾಶಿ ಬಿದ್ದಿರುವಾಗ ಎರಡನೇ ಪುಟಕ್ಕೇ ಪಕ್ಕಕ್ಕಿಡಬೇಡ, ಕೊನೆಯವರೆಗೆ ಓದು. ಬೇಡವೆನಿಸಿದರೆ ಯಾಕೆ ಬೇಡ ಅಂತ ಎರಡು ಸಾಲು ನೀನೇ ಬರೆದು ಕಳಿಸು. ನನ್ನ ಜೂನಿಯರುಗಳ ಕರಡುಗಳನ್ನು ನಾನು ಕಾರಣ ಹೇಳದೆ ತಳ್ಳಿಬಿಡುತ್ತಿದ್ದೆ. ಅವರಲ್ಲಿ ಒಬ್ಬಿಬ್ಬರು ಮತ್ತೆ ಬರೆಯುವ ಗೋಜಿಗೇ ಹೋಗಲಿಲ್ಲ.

ಬರೀ ‘ಸಂಚಿಕೆಗೆ ಹೊಂದುವುದಿಲ್ಲ’ ಎಂದರೆ ಬರೆದವರಿಗೆ ಏನು ತಿಳಿಯಬೇಕು? ವಾದ ಎಲ್ಲಿ ಸಡಿಲವಾಯಿತು, ಯಾವ ತೀರ್ಪು ಬಿಟ್ಟುಹೋಗಿದೆ ಅಂತ ಹೇಳು. 1930ರ ಮುಷ್ಕರದ ಬಗ್ಗೆಯೇ ಯಾರಾದರೂ ಬರೆದು ಆಧಾರ ಸಾಲದೆ ಹೋದರೆ, ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ ಹಳೆಯ ಮೈಸೂರು ಸರ್ಕಾರದ ಕಡತಗಳನ್ನು ಹುಡುಕಲು ತಿಳಿಸು, ತಿದ್ದಿ ಮುಂದಿನ ಸಂಚಿಕೆಗೆ ಕಳಿಸಲು ಹೇಳು.

ಇಂತಿ,
ನಿನ್ನ ದೊಡ್ಡಪ್ಪ